ಮಾರಾಟಕ್ಕಿದೆ: ಯಾರದೋ ಮುಖ

ನನ್ನ ಒಂದು ಚಿತ್ರವನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಲು, ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಚಿತ್ರದ ಫೋಟೊ ಹಾಕುವುದು, ಅಳತೆ ಬರೆಯುವುದು, ಬೆಲೆ ನಮೂದಿಸುವುದು, ಮುಗೀತು. ಎರಡು ಗಂಟೆಯಾದರೂ ಮೊದಲ ಸಾಲು ದಾಟಿರಲಿಲ್ಲ. ‘ಮೂಲ ಚಿತ್ರ. ಜಲವರ್ಣ. ಅಮೂರ್ತ ಭಾವಚಿತ್ರ.’ ಇಷ್ಟು ಬರೆದೆ. ಕೊನೆಯದನ್ನು ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ.

ಅಮೂರ್ತ ಅಂದಮೇಲೆ ಭಾವಚಿತ್ರ ಹೇಗಾಗುತ್ತದೆ? ಇಲ್ಲಿ ರೂಪವೇ ಇಲ್ಲ ಅನ್ನುತ್ತದೆ ಒಂದು ಪದ. ಇಗೋ ನೋಡಿ, ಇವರು ಇಂಥವರು ಅನ್ನುತ್ತದೆ ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಜಗಳ ಬೀಳುವುದು ಸಹಜ. ಆದರೆ ‘ಭಾವಚಿತ್ರ’ವನ್ನು ಸ್ವಲ್ಪ ಬಿಡಿಸಿ ನೋಡಿ. ಅದರಲ್ಲಿ ಮುಖ ಎಲ್ಲಿದೆ? ಹೋಲಿಕೆ ಎಲ್ಲಿದೆ? ಇರುವುದು ಭಾವ ಮಾತ್ರ. ತಮಾಷೆ ಅಂದರೆ, ಗುರುತಿನ ಚೀಟಿಗಾಗಿ ಉಸಿರು ಬಿಗಿಹಿಡಿದು ತೆಗೆಸಿಕೊಂಡ ಫೋಟೊಗೂ ನಾವು ಭಾವಚಿತ್ರ ಅಂತಲೇ ಅನ್ನುತ್ತೇವೆ. ಅದರಲ್ಲಿ ಮಿಕ್ಕಿದ್ದೆಲ್ಲ ಇರುತ್ತದೆ, ಅದೊಂದು ಬಿಟ್ಟು.

ಕೊನೆಗೆ ಪದ ಹಾಗೇ ಉಳಿಸಿದೆ. ಹುಡುಕುವವರು ಅದೇ ಪದ ಹಾಕಿ ಹುಡುಕುತ್ತಾರೆ ಅನ್ನುವ ಲೆಕ್ಕಾಚಾರವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಚಿತ್ರ ಈಗ ನನ್ನ ಎದುರಿನ ಗೋಡೆಗೆ ಒರಗಿ ನಿಂತಿದೆ. ಒಬ್ಬ ಹೆಂಗಸು. ಹಾಗಂತ ನಾನು ಹೇಳುತ್ತೇನೆ. ಹತ್ತಿರ ಹೋದರೆ ಹೆಂಗಸೂ ಇಲ್ಲ, ಮುಖವೂ ಇಲ್ಲ. ಎಡಗಡೆ ಹಣೆಯಿಂದ ದವಡೆಯವರೆಗೆ ಇಳಿದ ಒಂದು ನೀಲಿ. ಬಲಗಡೆಯಿಂದ ಬಂದು ಅದಕ್ಕೆ ತಾಗಿದ ಒಂದು ಕಂದು. ಎರಡೂ ಸೇರಿದ ಕಡೆ ಹೊಗೆಯಂಥ ಬೂದು. ಕಣ್ಣು ಒಂದೇ. ಇನ್ನೊಂದು ಕಣ್ಣಿರಬೇಕಾದಲ್ಲಿ ಬರೀ ಕಾಗದದ ಬಿಳಿ. ತುಟಿಯ ಜಾಗದಲ್ಲಿ ತೆಳು ಗುಲಾಬಿಯ ಒಂದೇ ಎಳೆತ. ಆರು ಹೆಜ್ಜೆ ಹಿಂದೆ ಬಂದರೆ ಆಕೆ ತಟ್ಟನೆ ಕೂತಿರುತ್ತಾಳೆ. ಯಾವುದಕ್ಕೋ ಕಾಯುತ್ತಾ.

ನಿಜಕ್ಕೂ ಕಾಯುತ್ತಲೇ ಇದ್ದರು. ಒಂದು ದೊಡ್ಡ ಹಾಲ್‌ನಲ್ಲಿ ನಾನು ಸರದಿಗಾಗಿ ಕೂತಿದ್ದಾಗ ಎದುರು ಸಾಲಿನಲ್ಲಿದ್ದವರು. ಫೋನ್ ನೋಡುತ್ತಿರಲಿಲ್ಲ, ಅತ್ತಿತ್ತ ನೋಡುತ್ತಿರಲಿಲ್ಲ. ಸುಮ್ನೆ ಇದ್ದರು. ಇತ್ತೀಚೆಗೆ ಸುಮ್ಮನೆ ಇರುವ ಮನುಷ್ಯರು ಕಾಣುವುದೇ ಅಪರೂಪ ಅಲ್ವಾ? ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದೆ. ಎರಡು ನಿಮಿಷ ಆಗಿರಬಹುದು, ಅವರ ಸರದಿ ಬಂತು, ಎದ್ದು ಹೋದರು. ಆ ಗೀಚು ಹಾಗೇ ಎಷ್ಟೋ ತಿಂಗಳು ಡ್ರಾಯರ್‌ನಲ್ಲಿ ಬಿದ್ದಿತ್ತು.

ಕಾಗದ ಹತ್ತಿಯದು, ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ಅಂದರೆ 300 ಜಿಎಸ್‌ಎಂ, ಕೋಲ್ಡ್ ಪ್ರೆಸ್. ಅಂದರೆ ತೀರಾ ನುಣುಪೂ ಅಲ್ಲ, ತೀರಾ ಒರಟೂ ಅಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಮೈತುಂಬ ಸಣ್ಣ ಸಣ್ಣ ಗುಳಿ ಕಾಣುತ್ತವೆ. 22×30 ಇಂಚಿನ ಪೂರ್ತಿ ಹಾಳೆಯನ್ನು ನಾಲ್ಕು ಮಾಡಿದರೆ ಸಿಗುವ 11×15ರ ತುಂಡು. ಬಣ್ಣ ಮೂರೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಅನ್ನುವ ಕಂದು, ಕ್ವಿನಾಕ್ರಿಡೋನ್ ಗುಲಾಬಿ. ಜಲವರ್ಣ ಅಂದರೆ ಬಣ್ಣದ ಪುಡಿ ಮತ್ತು ಗಮ್ ಅರೇಬಿಕ್, ಅಂದರೆ ಜಾಲಿಯ ಜಾತಿಯ ಮರದ ಅಂಟು. ಮಿಕ್ಕ ಕೆಲಸವೆಲ್ಲ ನೀರಿನದು. ಅರ್ಧ ಕೆಲಸ ಅಂತ ಹೇಳುವ ರೂಢಿ ಇದೆ. ನನ್ನ ಅನುಭವದಲ್ಲಿ ಮುಕ್ಕಾಲು.

ಹಾಳೆ ಪೂರ್ತಿ ಒದ್ದೆ ಮಾಡಿದೆ. ಮೊದಲು ಕನ್ನಡಿಯ ಹಾಗೆ ಹೊಳೆಯುತ್ತದೆ. ಆಗ ಬಣ್ಣ ಹಾಕಿದರೆ ಅದು ಎಲ್ಲಿಗೆ ಬೇಕೋ ಅಲ್ಲಿಗೆ ಓಡುತ್ತದೆ. ಕಾಯಬೇಕು. ಹೊಳಪು ಇಳಿದು, ಒದ್ದೆ ಕಲ್ಲಿನ ಮಂಕು ಬರುತ್ತದಲ್ಲ, ಆಗ ಹಾಕಬೇಕು. ಆ ಹೊತ್ತು ಒಂದೆರಡು ನಿಮಿಷವಷ್ಟೇ ಇರುತ್ತದೆ. ನೀಲಿ ಹಾಕಿದೆ, ಇಳಿಯಿತು. ಅಲ್ಟ್ರಾಮರೀನಿನ ಕಣಗಳು ಕಾಗದದ ಗುಳಿಗಳಲ್ಲಿ ಕೂರುತ್ತವೆ. ಒಣಗಿದ ಮೇಲೆ ಆ ನೀಲಿ ಒಂದೇ ಸಮ ಇರುವುದಿಲ್ಲ, ಮರಳು ಚೆಲ್ಲಿದ ಹಾಗೆ ಇರುತ್ತದೆ. ಅದಕ್ಕೇ ಆ ಬಣ್ಣ ನನಗೆ ಇಷ್ಟ. ಆಮೇಲೆ ಕಂದು. ಎರಡೂ ತಾವೇ ಕೂಡಿಕೊಂಡವು.

ಅಷ್ಟರಲ್ಲಿ ಎಡಗೈಯಲ್ಲಿ ಹಿಡಿದಿದ್ದ ಇನ್ನೊಂದು ಕುಂಚದಿಂದ ಒಂದು ಹನಿ ತೊಟಕ್ ಅಂತ ಬಿತ್ತು. ಸರಿಯಾಗಿ ಕೆನ್ನೆಯ ಮೇಲೆ.

ಅರ್ಧ ಆರಿದ ಬಣ್ಣದ ಮೇಲೆ ಶುದ್ಧ ನೀರು ಬಿದ್ದರೆ ಏನಾಗುತ್ತದೆ ಅಂತ ಜಲವರ್ಣ ಹಿಡಿದವರಿಗೆಲ್ಲ ಗೊತ್ತು. ನೀರು ಹರಡುತ್ತಾ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಅಂಚಿನಲ್ಲಿ ಸೇರಿ ಹೂಕೋಸಿನ ಹಾಗೆ ಸುರುಳಿ ಸುರುಳಿಯಾಗಿ ನಿಲ್ಲುತ್ತವೆ. ಬ್ಲೂಮ್ ಅನ್ನುತ್ತಾರೆ. ಕಲಿಯುವಾಗ ಇದನ್ನು ತಪ್ಪು ಅಂತಲೇ ಹೇಳಿಕೊಡುವುದು. ಚೆಲ್ಲಿದ ಕಾಫಿಯ ಹನಿ ಒಣಗಿದಾಗ ನಡು ತಿಳಿಯಾಗಿ ಅಂಚು ಕಪ್ಪಾಗುತ್ತದಲ್ಲ, ಇದು ಅದರ ನೆಂಟ. ಆ ಕಾಫಿ ಉಂಗುರ ಯಾಕೆ ಹಾಗಾಗುತ್ತದೆ ಅಂತ ವಿಜ್ಞಾನಿಗಳು ಬಿಡಿಸಿ ಹೇಳಿದ್ದು 1997ರಲ್ಲಿ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆ ಕೊರತೆ ತುಂಬಲು ಒಳಗಿನ ನೀರು ಅಂಚಿನ ಕಡೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಇಷ್ಟು ಸಣ್ಣ ಸಂಗತಿಗೆ ಅಷ್ಟು ವರ್ಷ ಬೇಕಾಯಿತು ಅನ್ನುವುದೇ ನನಗೆ ಒಂದು ಸಮಾಧಾನ.

ಇರಲಿ. ಹನಿ ಬಿದ್ದ ತಕ್ಷಣ ನಾನು ಒರೆಸಲು ಬಟ್ಟೆ ಹುಡುಕಿದೆ. ಬಟ್ಟೆ ಸಿಗಲಿಲ್ಲ. ಎದ್ದು ಹೋಗಿ ತರುವಷ್ಟರಲ್ಲಿ ತಡವಾಗಿತ್ತು. ಕೆನ್ನೆಯ ಮೇಲೆ ಒಂದು ತಿಳಿ ವೃತ್ತ, ಸುತ್ತ ಹರಿದ ಅಂಚು. ಈಗ ಈ ಚಿತ್ರ ನೋಡಿದವರೆಲ್ಲ ಮೊದಲು ಬೆರಳು ತೋರಿಸುವುದು ಅಲ್ಲಿಗೇ. “ಈ ಕೆನ್ನೆ ನೋಡಿ, ಎಷ್ಟು ಚೆನ್ನಾಗಿ ಮಾಡಿದ್ದೀರಿ!” ಥ್ಯಾಂಕ್ಸ್ ಅನ್ನುತ್ತೇನೆ. ಬೇರೆ ಏನು ಹೇಳಲಿ?

ಅಮ್ಮ ಒಮ್ಮೆ ಬಂದು ನೋಡಿದರು. “ದೊಡ್ಡಮ್ಮನ ಹಾಗೇ ಇದ್ದಾಳೆ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ನಮ್ಮಕ್ಕನಿಗೆ ಇಷ್ಟು ಸುಮ್ನೆ ಕೂರೋಕೆ ಯಾವತ್ತು ಬಂತು!” ಅಂದು ಒಳಗೆ ಹೋದರು.

ಬಣ್ಣದ ನಾಲ್ಕು ಕಲೆ ನೋಡಿ ದೊಡ್ಡಮ್ಮನನ್ನು ಹೇಗೆ ಕಂಡರು? 1973ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ ಅನ್ನುವವರು ಅಬ್ರಹಾಂ ಲಿಂಕನ್ ಅವರ ಮುಖವನ್ನು ಕೆಲವೇ ನೂರು ಬೂದು ಚೌಕಗಳಿಗೆ ಇಳಿಸಿ ತೋರಿಸಿದ್ದರು. ಹತ್ತಿರದಿಂದ ನೋಡಿದರೆ ಬರೀ ಹೆಂಚು ಹಾಸಿದ ನೆಲ. ಕಣ್ಣು ಕಿರಿದು ಮಾಡಿದರೆ ಲಿಂಕನ್. ಮುಖ ಗುರುತಿಸಲು ನಮಗೆ ರೆಪ್ಪೆ, ಕೂದಲು, ಸುಕ್ಕು ಯಾವುದೂ ಬೇಡ. ಕಣ್ಣಿನ ಗುಳಿ, ಮೂಗಿನ ಕೆಳಗಿನ ನೆರಳು, ಕೆಳತುಟಿಯ ಅಡಿಯ ಕಪ್ಪು, ಇವು ತಂತಮ್ಮ ಜಾಗದಲ್ಲಿದ್ದರೆ ಸಾಕು, ಮಿಕ್ಕಿದ್ದನ್ನು ನೋಡುವವರ ತಲೆ ತುಂಬಿಕೊಳ್ಳುತ್ತದೆ. ಅಮ್ಮನ ತಲೆಯಲ್ಲಿ ದೊಡ್ಡಮ್ಮ ಇದ್ದರು, ತುಂಬಿಕೊಂಡರು. ನಾನು ಆ ಹೆಂಗಸನ್ನು ಮತ್ತೆ ಕಂಡರೂ ಗುರುತು ಹಿಡಿಯುತ್ತೇನೆ ಅನ್ನುವ ಧೈರ್ಯ ನನಗಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಾವಿರ ಗೆರೆಯ ಚಿತ್ರದಲ್ಲಿ ನೂರು ಗೆರೆ ಹೋದರೂ ಮುಖ ನಿಲ್ಲುತ್ತದೆ. ನಾಲ್ಕೇ ಕಲೆಯ ಮೇಲೆ ನಿಂತ ಮುಖದಲ್ಲಿ ಒಂದು ಕಲೆ ಹೋದರೂ ಕಂಬ ಕಿತ್ತ ಹಾಗೆ. ಇದು ನನಗೆ ತಿಳಿದದ್ದು ಓದಿ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

‘ಮೂಲ’ ಅನ್ನುವ ಪದದ ಮೇಲೂ ಸ್ವಲ್ಪ ಹೊತ್ತು ಕೂತೆ. ಈ ಚಿತ್ರದ ಫೋಟೊ ನೋಡಿ ಒಬ್ಬರು, “ಇದೇ ಥರ ಇನ್ನೊಂದು ಮಾಡಿಕೊಡ್ತೀರಾ, ಸ್ವಲ್ಪ ದೊಡ್ಡದು?” ಅಂತ ಕೇಳಿದ್ದರು. ಆಗಲಿ ಅಂದೆ. ಅದೇ ಕಾಗದ, ಅದೇ ಮೂರು ಬಣ್ಣ, ಅದೇ ಕುಂಚ. ಒಂಬತ್ತು ಸಲ ಮಾಡಿದೆ. ಹನಿಯನ್ನೂ ಬೇಕಂತಲೇ ಬೀಳಿಸಿದೆ! ಒಂಬತ್ತರಲ್ಲೂ ಮುಖ ಬಂತು. ಆಕೆ ಬರಲಿಲ್ಲ. ಒಬ್ಬಳು ಸಿಟ್ಟಾಗಿದ್ದಳು, ಒಬ್ಬಳಿಗೆ ನಿದ್ದೆ ಬಂದಿತ್ತು, ಇನ್ನೊಬ್ಬಳು ಫೋಟೊ ತೆಗೆಸಿಕೊಳ್ಳಲು ಕೂತ ಹಾಗಿದ್ದಳು. ಆಗಲ್ಲ ಅಂತ ಬರೆದು ಕಳಿಸಿದೆ. ಆ ಹಾಳೆಗಳ ಹಿಂಬದಿ ಈಗ ಬಣ್ಣ ನೋಡಲು ಬಳಸುತ್ತೇನೆ.

ಪ್ರಿಂಟ್ ತೆಗೆದು ಮಾರಬಹುದಲ್ಲ ಅನ್ನುವವರಿದ್ದಾರೆ. ಮಾರುತ್ತೇನೆ, ಅದರಲ್ಲಿ ತಪ್ಪೇನಿಲ್ಲ, ಪ್ರಿಂಟ್ ಅಂತ ಹೇಳಿ ಮಾರಬೇಕು ಅಷ್ಟೆ. ಪ್ರಿಂಟಿನಲ್ಲಿ ಇಂಕಿನ ಸಣ್ಣ ಚುಕ್ಕಿಗಳು ಕಾಗದದ ಮೇಲೆ ಒಂದೇ ಸಮನಾಗಿ ಕೂರುತ್ತವೆ. ಗುಳಿಯಲ್ಲಿ ಇಳಿದು ಕೂತ ನೀಲಿ ಅಲ್ಲಿ ಇರುವುದಿಲ್ಲ. ಸಂಜೆ ಓರೆ ಬೆಳಕು ಬಿದ್ದಾಗ ಮೂಲ ಚಿತ್ರದ ದವಡೆ ಸ್ವಲ್ಪ ಬೇರೆಯೇ ಕಾಣುತ್ತದೆ. ಪ್ರಿಂಟಿನ ದವಡೆ ಯಾವಾಗ ನೋಡಿದರೂ ಅದೇ.

ಬೆಲೆಯ ಮಾತು. ಚದರ ಇಂಚಿಗೆ ಇಷ್ಟು ಅಂತ ಲೆಕ್ಕ ಹಾಕುವ ರೂಢಿ ಕಲಾವಿದರಲ್ಲಿ ಇದೆ, ನಾನೂ ಹಾಗೇ ಹಾಕುವುದು. ನೆಲಕ್ಕೆ ಕಲ್ಲು ಹಾಸುವವರ ಲೆಕ್ಕದ ಹಾಗಿದೆ ಅಂತ ನಗು ಬರುತ್ತದೆ, ಆದರೆ ಅದರಲ್ಲಿ ಒಂದು ನೆಮ್ಮದಿ ಇದೆ. ನನಗೆ ಇಷ್ಟವಾದ ಚಿತ್ರಕ್ಕೆ ಜಾಸ್ತಿ, ಇಷ್ಟವಾಗದ್ದಕ್ಕೆ ಕಮ್ಮಿ ಅಂತ ಹಾಕಲು ಹೋದರೆ ಎರಡೂ ತಪ್ಪುತ್ತವೆ. ಕೊಳ್ಳುವವರು ಮಾತ್ರ ಕೇಳುವುದು ಬೇರೆ: “ಇದಕ್ಕೆ ಎಷ್ಟು ಹೊತ್ತು ಹಿಡೀತು?” ನಿಜ ಹೇಳಿದರೆ, ಕುಂಚ ಕಾಗದಕ್ಕೆ ತಾಗಿದ್ದು ಒಟ್ಟು ಇಪ್ಪತ್ತು ನಿಮಿಷವೂ ಇಲ್ಲ. ಆಮೇಲೆ ಮೂರು ದಿನ ಸುಮ್ನೆ ನೋಡುತ್ತಾ ಕೂತಿದ್ದೆ. ನಾಲ್ಕನೇ ದಿನ ಕೆಳತುಟಿಯ ಅಡಿಗೆ ಒಂದು ಗಾಢ ಎಳೆ ಹಾಕಿ ನಿಲ್ಲಿಸಿದೆ. ನೋಡುತ್ತಾ ಕೂತ ಹೊತ್ತನ್ನು ಕೆಲಸ ಅಂತ ಲೆಕ್ಕ ಹಿಡಿಯಬೇಕೋ ಬೇಡವೋ?

ಈ ಪ್ರಶ್ನೆ ಬಂದಾಗಲೆಲ್ಲ ಕಲಾವಿದರು ಚಿತ್ರಕಾರ ವಿಸ್ಲರ್‌ನ ಕತೆ ಹೇಳುತ್ತಾರೆ. ಅವನದು ಎಣ್ಣೆ ಬಣ್ಣದ ಚಿತ್ರ. ರಾತ್ರಿ ಆಕಾಶದಲ್ಲಿ ಸಿಡಿದ ಬಾಣಬಿರುಸಿನ ಕಿಡಿಗಳು. 200 ಗಿನಿ (ಆಗಿನ ಇಂಗ್ಲೆಂಡಿನ ದುಡ್ಡಿನ ಲೆಕ್ಕ) ಬೆಲೆ ಇಟ್ಟಿದ್ದ. ಜನರ ಮುಖಕ್ಕೆ ಬಣ್ಣದ ಕುಡಿಕೆ ಎರಚಿ ದುಡ್ಡು ಕೇಳುತ್ತಿದ್ದಾನೆ ಅನ್ನುವ ಅರ್ಥದಲ್ಲಿ ವಿಮರ್ಶಕ ಜಾನ್ ರಸ್ಕಿನ್ 1877ರಲ್ಲಿ ಬರೆದ. ವಿಸ್ಲರ್ ಲಂಡನ್ನಿನಲ್ಲಿ ಕೇಸು ಹಾಕಿದ. 1878ರಲ್ಲಿ ವಿಚಾರಣೆ. ಎರಡು ದಿನದ ಕೆಲಸಕ್ಕೆ 200 ಗಿನಿಯೇ ಅಂತ ಎದುರು ವಕೀಲ ಕೇಳಿದಾಗ, ಇಲ್ಲ, ಇಡೀ ಜೀವಮಾನದಲ್ಲಿ ಗಳಿಸಿದ ತಿಳಿವಳಿಕೆಗೆ ಕೇಳುತ್ತಿದ್ದೇನೆ ಅಂತ ಉತ್ತರ ಕೊಟ್ಟ. ಕತೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಏನಾಯಿತು ಅಂದರೆ, ಕೇಸು ಗೆದ್ದ, ಪರಿಹಾರ ಅಂತ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮಾರನೇ ವರ್ಷ ದಿವಾಳಿಯಾದ. ಉತ್ತರ ಎಷ್ಟು ಚೆನ್ನಾಗಿದ್ದರೂ ಬಾಡಿಗೆ ಕಟ್ಟಲು ಬರುವುದಿಲ್ಲ. ಅದಕ್ಕೇ ನಾನು ಇಪ್ಪತ್ತು ನಿಮಿಷ ಅಂತಲೇ ಹೇಳುತ್ತೇನೆ. ಬೇಡ ಅನ್ನುವವರು ಬೇಡ ಅನ್ನಲಿ.

ಈಗ, ಆಮೇಲೆ ಬರುತ್ತೇನೆ ಅಂದಿದ್ದ ಮಾತು. ಒಂದು ತುಟಿಯ ವಿಷಯ.

ಇದಲ್ಲ, ಬೇರೆ ಚಿತ್ರ. ಆರು ವರ್ಷದ ಹಿಂದೆ ಮಾರಿದ್ದು. ಅದೂ ಹೀಗೇ ನಾಲ್ಕೈದು ಕಲೆಯ ಮುಖ. ಅದರಲ್ಲಿ ಎದ್ದು ಕಾಣುತ್ತಿದ್ದದ್ದು ತುಟಿ, ಒಂದು ತೆಳು ಕೆಂಪು. ಹೋದ ವರ್ಷ ಕೊಂಡವರಿಂದ ಒಂದು ಸಂದೇಶ ಬಂತು. ಜೊತೆಗೆ ಗೋಡೆಯ ಮೇಲಿನ ಚಿತ್ರದ ಫೋಟೊ. “ಬೇಜಾರು ಮಾಡ್ಕೋಬೇಡಿ, ಸುಮ್ನೆ ಕೇಳ್ತಿದ್ದೀನಿ. ತುಟಿ ಮೊದಲಿನಿಂದ ಹೀಗೇ ಇತ್ತಾ?”

ಫೋಟೊ ದೊಡ್ಡದು ಮಾಡಿ ನೋಡಿದೆ. ತುಟಿ ಇರಲಿಲ್ಲ. ಇದ್ದ ಜಾಗದಲ್ಲಿ ಒರೆಸಿದ ಹಾಗೆ ಒಂದು ಮಾಸಲು. ಮುಖವೂ ಇರಲಿಲ್ಲ, ಯಾಕೆಂದರೆ ಕಲೆಗಳನ್ನು ಮುಖವಾಗಿ ಹಿಡಿದಿಟ್ಟಿದ್ದು ಆ ಕೆಂಪು. ಅದು ಹೋದಮೇಲೆ ಗೋಡೆಯ ಮೇಲೆ ಉಳಿದದ್ದು ನೀಲಿ, ಕಂದು, ಒಂದಿಷ್ಟು ಬಿಳಿ. ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು.

ಡ್ರಾಯರ್‌ನಲ್ಲಿ ಆ ಟ್ಯೂಬ್ ಇನ್ನೂ ಇತ್ತು. ಅಲಿಜರಿನ್ ಕ್ರಿಮ್ಸನ್. ಹಿಂದೆ ಸಣ್ಣ ಅಕ್ಷರದಲ್ಲಿ ಪಿಆರ್ 83 ಅಂತ ಬರೆದಿತ್ತು. ಟ್ಯೂಬಿನ ಹೆಸರು ಏನೇ ಇರಲಿ, ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವುದು ಆ ಸಂಖ್ಯೆ. ಮಂಜಿಷ್ಠೆಯ ಬಳಗದ ಒಂದು ಬೇರಿನಿಂದ ಹಿಂದಿನವರು ಕೆಂಪು ತೆಗೆಯುತ್ತಿದ್ದರು. ಅದರೊಳಗಿನ ಬಣ್ಣವನ್ನು 1868ರಲ್ಲಿ ಜರ್ಮನಿಯಲ್ಲಿ ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಅದೇ ಅಲಿಜರಿನ್. ಎಷ್ಟು ಚೆಂದದ ಕೆಂಪು ಅಂದರೆ, ಅದನ್ನು ಬಿಡಲು ಇವತ್ತಿಗೂ ಎಷ್ಟೋ ಜನರಿಗೆ ಮನಸ್ಸು ಬರುವುದಿಲ್ಲ. ದಪ್ಪಗೆ ಬಳಿದರೆ ಸ್ವಲ್ಪ ತಾಳುತ್ತದೆ. ಜಲವರ್ಣದಲ್ಲಿ ದಪ್ಪಗೆ ಯಾರು ಬಳಿಯುತ್ತಾರೆ? ತೆಳ್ಳಗೆ ನೀರು ಮಾಡಿ ಎಳೆದರೆ ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಇದೇನು ಗುಟ್ಟಲ್ಲ. ಜಲವರ್ಣದ ಬಣ್ಣಗಳು ಬೆಳಕಿಗೆ ಹೇಗೆ ಮಾಸುತ್ತವೆ ಅಂತ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಅನ್ನುವ ಇಬ್ಬರು ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದು 1888ರಲ್ಲಿ. ನಾನು ಟ್ಯೂಬು ತಿರುಗಿಸಿ ಓದಿರಲಿಲ್ಲ ಅಷ್ಟೆ.

“ಇಲ್ಲ, ಹೀಗಿರಲಿಲ್ಲ. ತಪ್ಪು ನನ್ನದು” ಅಂತ ಬರೆದೆ. ದುಡ್ಡು ವಾಪಸ್ ಕೊಡುತ್ತೇನೆ, ಇಲ್ಲವೇ ಬೇರೆ ಚಿತ್ರ ಆರಿಸಿಕೊಳ್ಳಿ ಅಂದೆ. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದೆ. ಉತ್ತರ ಬಂತು: “ದುಡ್ಡು ಬೇಡ. ಉಳಿದದ್ದೂ ಹೋಗುತ್ತಾ, ಅದು ಹೇಳಿ.”

ಆ ಪ್ರಶ್ನೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಮಾರಿದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅವರ ಗೋಡೆಯ ಮೇಲೆ ಅದು ಐದು ವರ್ಷ ದಿನಾ ನಡೆಯುತ್ತಲೇ ಇತ್ತು. ನೀಲಿ ಹೋಗಲ್ಲ, ಕಂದು ಹೋಗಲ್ಲ, ಎರಡೂ ಗಟ್ಟಿ ಅಂತ ಬರೆದೆ. ಕಿಟಕಿಯ ಎದುರಿನಿಂದ ತೆಗೆದು ಬಿಸಿಲು ಬೀಳದ ಕಡೆ ಹಾಕಿ, ಯುವಿ ತಡೆಯುವ ಗಾಜು ಹಾಕಿಸಿದರೆ ಇನ್ನೂ ಒಳ್ಳೆಯದು ಅಂದೆ. ಗಾಜು ಹಾಕಿದರೂ ಬೆಳಕು ತನ್ನ ಕೆಲಸ ಪೂರ್ತಿ ಬಿಡುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಮಾಸಿದ್ದು ಮತ್ತೆ ಬರುವುದೂ ಇಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣದ ಕೋಣೆ ಯಾಕೆ ಅಷ್ಟು ಮಬ್ಬಾಗಿರುತ್ತದೆ ಅಂತ ಮೊದಲು ಗೊಣಗುತ್ತಿದ್ದೆ. ಅಲ್ಲಿ ಸಾಮಾನ್ಯವಾಗಿ, ಬೆಳಕು ಅಳೆಯುವ ಲೆಕ್ಕದಲ್ಲಿ, 50 ಲಕ್ಸ್‌ನಷ್ಟೇ ಬೆಳಕು ಬಿಡುತ್ತಾರೆ. ಜರ್ಮನಿಯ ಚಿತ್ರಕಾರ ಡ್ಯೂರರ್ 1502ರಲ್ಲಿ ಮಾಡಿದ ಮೊಲದ ಚಿತ್ರ ವಿಯೆನ್ನಾದ ಅಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಐನೂರು ವರ್ಷ ದಾಟಿದರೂ ಮೈಮೇಲಿನ ಕೂದಲು ಎಣಿಸಬಹುದು. ಆ ಮೊಲ ಬಹುಪಾಲು ಕತ್ತಲಲ್ಲೇ ಇರುತ್ತದೆ, ಅಪರೂಪಕ್ಕೆ ಹೊರಗೆ ಬರುತ್ತದೆ. ಮನೆಯಲ್ಲಿ ಹಾಗೆ ಇಡಲಾಗುತ್ತದಾ? ನೋಡಲೆಂದೇ ಕೊಂಡದ್ದು.

ಅವರು ಚಿತ್ರವನ್ನು ಒಳಗಿನ ಓಣಿಯಂಥ ಜಾಗಕ್ಕೆ ಹಾಕಿಕೊಂಡರು. ನಾನು ಆ ಟ್ಯೂಬು ಎಸೆದೆ. ನನ್ನಲ್ಲಿದ್ದ ಎಲ್ಲ ಬಣ್ಣಗಳನ್ನೂ ಪಟ್ಟಿ ಪಟ್ಟಿಯಾಗಿ ಎಳೆದು, ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ಕೆಲವು ತಿಂಗಳ ಮೇಲೆ ಕಪ್ಪು ಕಾಗದ ಕಿತ್ತು ನೋಡಿದರೆ, ನನಗೆ ತುಂಬ ಇಷ್ಟವಾಗಿದ್ದ ಹೊಳೆಯುವ ಒಪೆರಾ ಗುಲಾಬಿ ಅರ್ಧ ಪಟ್ಟಿಯಲ್ಲಿ ಸತ್ತೇ ಹೋಗಿತ್ತು. ಅಲ್ಟ್ರಾಮರೀನ್‌ನಲ್ಲಿ ಮುಚ್ಚಿದ ಭಾಗ ಯಾವುದು, ಬಿಸಿಲಿಗೆ ಬಿಟ್ಟ ಭಾಗ ಯಾವುದು ಗೊತ್ತಾಗಲಿಲ್ಲ. ಕ್ವಿನಾಕ್ರಿಡೋನ್ ಗುಲಾಬಿಯೂ ಹಾಗೇ ಇತ್ತು. ಈಗಿನ ಚಿತ್ರದ ತುಟಿ ಅದರದ್ದು. ಅಲಿಜರಿನ್‌ನ ಆಳ ಅದಕ್ಕಿಲ್ಲ, ಒಪ್ಪುತ್ತೇನೆ. ಇರಲಿ ಬಿಡಿ.

ಹಾಗಾಗಿ ಮಾರಾಟದ ವಿವರ ಬರೆಯುವಾಗ ನನಗೆ ಈಗ ಜಾಸ್ತಿ ಹೊತ್ತು ಹಿಡಿಯುವುದು. ಬೆಲೆಯ ಜಾಗ, ಅಳತೆಯ ಜಾಗ ತುಂಬಿದೆ. ಫೋಟೊ ಮೂರು ಹಾಕಿದೆ: ನೇರವಾಗಿ ಒಂದು, ಓರೆ ಬೆಳಕಿನಲ್ಲಿ ಒಂದು, ಕೆನ್ನೆಯ ಹನಿ ಹತ್ತಿರದಿಂದ ಒಂದು. ನಿಮ್ಮ ಪರದೆಯ ನೀಲಿಯೂ ನನ್ನ ಕಾಗದದ ನೀಲಿಯೂ ಒಂದೇ ಅಲ್ಲ ಅಂತಲೂ ಬರೆದೆ.

ಆಮೇಲೆ ಚಿತ್ರ ತಿರುಗಿಸಿ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆದೆ. ಪೆನ್ನು ಬೇಡ, ಇಂಕು ಈಚೆಗೆ ಇಳಿಯಬಹುದು. ಮೊದಲು ಇಸವಿ. ಇದನ್ನು ಚಿತ್ರ ಮುಗಿದ ದಿನವೇ ಬರೆಯಬೇಕಿತ್ತು. ರಷ್ಯದ ಚಿತ್ರಕಾರ ಕಾಂಡಿನ್ಸ್ಕಿಯ ಮೊದಲ ಅಮೂರ್ತ ಜಲವರ್ಣ ಅಂತ ಹೆಸರಾದ ಚಿತ್ರ ಪ್ಯಾರಿಸ್ಸಿನ ಪೊಂಪಿಡು ಸೆಂಟರ್‌ನ ಸಂಗ್ರಹದಲ್ಲಿದೆ. ಅದರ ಮೇಲೆ 1910 ಅಂತ ಇದೆ. ಅದು 1913ರದ್ದೇ ಇರಬೇಕು, ಇಸವಿ ಆಮೇಲೆ ಹಾಕಿದ್ದು ಅಂತ ವಾದಿಸುವ ವಿದ್ವಾಂಸರು ಬಹಳ ಮಂದಿ. ನನ್ನ ಚಿತ್ರಕ್ಕೆ ಯಾರೂ ಜಗಳ ಆಡುವುದಿಲ್ಲ, ಆದರೂ. ಇಸವಿಯ ಕೆಳಗೆ ಸಹಿ. ಅದರ ಕೆಳಗೆ ಮೂರು ಬಣ್ಣ, ಸಂಖ್ಯೆಯ ಸಮೇತ: ಪಿಬಿ 29, ಪಿಬಿಆರ್ 7, ಪಿವಿ 19. ಕೊನೆಗೆ ‘ಬಿಸಿಲು ಬೀಳುವ ಕಡೆ ಹಾಕಬೇಡಿ.’

ವಿವರದಲ್ಲಿ ಒಂದು ಜಾಗ ಇನ್ನೂ ಖಾಲಿ ಇತ್ತು. ಚಿತ್ರದಲ್ಲಿರುವವರು ಯಾರು ಅಂತ. ‘ಕಲ್ಪಿತ’ ಅಂತ ಬರೆದೆ, ಅದು ಸುಳ್ಳು. ‘ಅಪರಿಚಿತ ಮಹಿಳೆ’ ಅಂತ ಬರೆದೆ, ಪತ್ರಿಕೆಯ ಸುದ್ದಿಯ ಹಾಗೆ ಕಂಡಿತು. ಅಮ್ಮನನ್ನು ಕೇಳಿದೆ. “ದೊಡ್ಡಮ್ಮನ ಹೆಸರು ಹಾಕು” ಅಂದರು.

ಎಲ್ಲ ಅಳಿಸಿ ‘ಕಾಯುತ್ತಾ ಕೂತಿದ್ದ ಒಬ್ಬರು’ ಅಂತ ಬರೆದು ಗುಂಡಿ ಒತ್ತಿದೆ.